ಹೆರಿಗೆಯ ಹೊತ್ತಿನಲ್ಲಿ ಪಕ್ಕದಲ್ಲಿ ಯಾರು?

ಹೆರಿಗೆಯೆಂದರೆ ಹೆಣ್ಣಿಗೆ ಮರುಹುಟ್ಟು ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಸೀಮಂತದ ಹಸಿರು ಬಳೆ, ಬಾಣಂತನದ ಅಂಟಿನುಂಡೆ, ಮಗುವಿನ ತೊಟ್ಟಿಲು, ಎಲ್ಲಕ್ಕೂ ನಮ್ಮ ಮನೆಗಳಲ್ಲಿ ತಿಂಗಳುಗಟ್ಟಲೆ ಸಿದ್ಧತೆ ನಡೆಯುತ್ತದೆ. ಆದರೆ ಬೇನೆ ತಿನ್ನುವ ಆ ದೀರ್ಘ ಗಂಟೆಗಳಲ್ಲಿ ಬಸುರಿಯ ಪಕ್ಕದಲ್ಲಿರುವವರು ಯಾರು ಎಂಬ ಪ್ರಶ್ನೆಯನ್ನು ಎಷ್ಟು ಮನೆಗಳಲ್ಲಿ ಕೇಳುತ್ತಾರೆ?

ನಮ್ಮ ಮನೆಯಲ್ಲಂತೂ ಯಾರೂ ಕೇಳಿರಲಿಲ್ಲ. ನನ್ನ ಹೆಂಡತಿಯ ಚೊಚ್ಚಲ ಹೆರಿಗೆಯಂದು ಸಂಜೆ ಆಸ್ಪತ್ರೆ ಸೇರಿದೆವು. ಹೆರಿಗೆ ಕೊಠಡಿಯ ಬಾಗಿಲು ಮುಚ್ಚಿತು. ಅತ್ತೆಯವರು ಬಿಸಿನೀರಿನ ಫ್ಲಾಸ್ಕನ್ನು ಮಡಿಲಲ್ಲಿಟ್ಟುಕೊಂಡು ಬೆಳಗಿನವರೆಗೆ ಹೊರಗಿನ ಬೆಂಚಿನ ಮೇಲೆ ಕುಳಿತಿದ್ದರು. ನಾನು ಶತಪಥ ಹಾಕುತ್ತಿದ್ದೆ. ದೇವರ ದಯೆಯಿಂದ ತಾಯಿ ಮಗು ಕ್ಷೇಮವಾಗಿದ್ದರು. ಆದರೆ ಬಾಣಂತನ ಮುಗಿದ ಮೇಲೊಂದು ದಿನ ಅವಳು ಹೇಳಿದಳು: “ನೋವು ಹೇಗೋ ಕಳೆಯಿತೂಂದ್ರೆ. ಅಮ್ಮ ಬಾಗಿಲಾಚೆಯೇ ಇದ್ದೂ ನನ್ನ ಹತ್ತಿರ ಇರಲಿಲ್ಲವಲ್ಲ!”

ಹಿಂದೆ ಹೀಗಿರಲಿಲ್ಲ. ಸೂಲಗಿತ್ತಿ ಬಸುರಿಯ ಬಳಿಯೇ ಕುಳಿತಿರುತ್ತಿದ್ದಳು. ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮನವರು ಹಣ ಮುಟ್ಟದೆ 15,000ಕ್ಕೂ ಹೆಚ್ಚು ಹೆರಿಗೆಗಳನ್ನು ಮಾಡಿಸಿದರೆಂದು ನಾಡು ಕೊಂಡಾಡಿತು. 2018ರಲ್ಲಿ ಪದ್ಮಶ್ರೀ ಅವರನ್ನು ಅರಸಿ ಬಂದಿತು. ಅದೇ ವರ್ಷದ ಡಿಸೆಂಬರಿನಲ್ಲಿ ಅವರು ಕಣ್ಮುಚ್ಚಿದರು. ಹಳೆಯ ಕಾಲವೇ ಮರಳಲಿ ಎಂದು ನಾನು ಹೇಳುತ್ತಿಲ್ಲ. ಮನೆಯ ಕತ್ತಲ ಕೋಣೆಯಲ್ಲಿ ರಕ್ತಸ್ರಾವದಿಂದಲೂ ನಂಜಿನಿಂದಲೂ ಪ್ರಾಣಬಿಟ್ಟ ತಾಯಂದಿರು ಅಸಂಖ್ಯರು. ಆಸ್ಪತ್ರೆ ಬೇಕೇ ಬೇಕು. ಸೂಲಗಿತ್ತಿಯ ಸಾಮೀಪ್ಯವನ್ನು ಮಾತ್ರ ನಾವು ಕಳೆದುಕೊಳ್ಳಬಾರದಿತ್ತು.

1933ರಲ್ಲಿ ಸಹಜ ಪ್ರಸವವನ್ನು ಕುರಿತು ಗ್ರಂಥ ಬರೆದ ಆಂಗ್ಲ ವೈದ್ಯ ಗ್ರ್ಯಾಂಟ್ಲಿ ಡಿಕ್-ರೀಡ್, ಭಯದಿಂದ ಮೈ ಬಿಗಿಯುತ್ತದೆ, ಬಿಗಿದ ಮೈಯಲ್ಲಿ ನೋವು ಬಲಿಯುತ್ತದೆ ಎಂದು ವಾದಿಸಿದನು. ಭಯ ತೊಲಗಿದೊಡನೆ ನೋವೆಲ್ಲ ಮಾಯವಾಗುತ್ತದೆಂದು ನಂಬಬೇಕಾಗಿಲ್ಲ. ಆದರೆ ಪಕ್ಕದಲ್ಲೊಂದು ಜೀವವಿದ್ದರೆ ಉಪಕಾರವುಂಟೆಂಬುದು ಈಗ ಸಿದ್ಧವಾಗಿದೆ. 17 ದೇಶಗಳ 15,000ಕ್ಕೂ ಹೆಚ್ಚು ಸ್ತ್ರೀಯರನ್ನು ಒಳಗೊಂಡ ಅಧ್ಯಯನಗಳನ್ನು 2017ರಲ್ಲಿ ಒಟ್ಟಿಗೆ ಪರಿಶೀಲಿಸಿದಾಗ, ಎಡೆಬಿಡದ ಆಸರೆ ದೊರೆತವರಲ್ಲಿ ಸಹಜ ಹೆರಿಗೆ ಹೆಚ್ಚು, ಸಿಸೇರಿಯನ್ ಕಡಿಮೆ, ಬೇನೆಯ ಅವಧಿಯೂ ತುಸು ಕಡಿಮೆ ಎಂದು ಕಂಡುಬಂದಿತು. ಸರಕಾರಿ ಆಸ್ಪತ್ರೆಗಳಲ್ಲಿ ಹೆರಿಗೆಯ ವೇಳೆ ಜೊತೆಗೊಬ್ಬರನ್ನು ಬಿಡಬೇಕೆಂದು ಕೇಂದ್ರ ಆರೋಗ್ಯ ಸಚಿವಾಲಯವೇ 2016ರಲ್ಲಿ ತಿಳಿಸಿದೆ.

ಹಾಗಾದರೆ ಜೊತೆಗೆ ಯಾರಿರಬೇಕು? ಎರಡನೆಯ ಬಸುರಿನಲ್ಲಿ ನಾವು ಮೊದಲೇ ಈ ಮಾತೆತ್ತಿದೆವು. ಎಲ್ಲರೂ ಅತ್ತೆಯವರೇ ಎಂದುಕೊಂಡಿದ್ದೆವು. ಹೆಂಡತಿ ಮಾತ್ರ ಅಳುಕುತ್ತ, “ನಿಮ್ಮಕ್ಕ ಇರಲಿ” ಎಂದಳು. ಅತ್ತೆಯವರ ಮುಖ ಬಾಡಿತು. ಸ್ವಲ್ಪ ಹೊತ್ತಿನ ಮೇಲೆ ಅವರೇ, “ಅದೂ ಸರಿಯೇ. ಮಗಳ ನರಳಾಟ ಕಂಡರೆ ನನಗೇ ಕೈಕಾಲು ಆಡುವುದಿಲ್ಲ” ಎಂದರು. ನಂಟಿನ ಹಿರಿತನಕ್ಕಿಂತ ಮನಸ್ಸಿನ ನೆಮ್ಮದಿ ದೊಡ್ಡದು. ಬಸುರಿ ಯಾರನ್ನು ಬಯಸುವಳೋ ಅವರೇ ಯೋಗ್ಯರು.

ಏಳನೆಯ ತಿಂಗಳಲ್ಲೇ ಆಸ್ಪತ್ರೆಯಲ್ಲಿ ಕೇಳಿ ತಿಳಿಯಬೇಕು: ಜೊತೆಗೊಬ್ಬರನ್ನು ಒಳಗೆ ಬಿಡುವರೇ? ಬೇನೆಯಲ್ಲಿ ನಡೆದಾಡಬಹುದೇ? ನೀರು ಕುಡಿಯಬಹುದೇ? ಜೊತೆಗಾತಿಯೂ ಒಮ್ಮೆ ವೈದ್ಯೆಯನ್ನು ಕಾಣುವುದು ಲೇಸು. ಸೊಂಟ ನೀವುವುದು, ಉಸಿರನ್ನು ನಿಧಾನವಾಗಿ ಬಿಡಲು ನೆನಪಿಸುವುದು, ಮಗ್ಗುಲು ಬದಲಿಸಲು ಕೈಕೊಡುವುದು, ಇವಿಷ್ಟೇ ಅವಳ ವಿದ್ಯೆ. ವೈದ್ಯರ ಕೆಲಸಕ್ಕೆ ಕೈಹಾಕುವುದು ಅವಳ ಪಾಲಿನದಲ್ಲ.

ಒಂದು ಎಚ್ಚರಿಕೆ. ಸಹಜ ಹೆರಿಗೆ ಹಟದ ವ್ರತವಾಗಬಾರದು. ರಕ್ತ ಕಂಡರೆ, ಮಗುವಿನ ಮಿಸುಕಾಟ ತಗ್ಗಿದರೆ, ತೀವ್ರ ತಲೆನೋವಿನೊಡನೆ ಕಣ್ಣು ಮಂಜಾದರೆ ಕ್ಷಣವೂ ತಡಮಾಡದೆ ಆಸ್ಪತ್ರೆಗೆ ಧಾವಿಸಬೇಕು. ಶಸ್ತ್ರಕ್ರಿಯೆ ಅನಿವಾರ್ಯವಾದರೆ ಅದು ತಾಯಿಯ ಸೋಲಲ್ಲ.

ಎರಡನೆಯ ಹೆರಿಗೆಯ ರಾತ್ರಿಯೂ ಅತ್ತೆಯವರು ಫ್ಲಾಸ್ಕಿನೊಡನೆ ಅದೇ ರೀತಿ ಬೆಂಚಿನ ಮೇಲೆ ಕುಳಿತಿದ್ದರು. ನಡುರಾತ್ರಿ ಬಾಗಿಲು ತುಸು ತೆರೆಯಿತು. ಅಕ್ಕ ಕೈಚಾಚಿ, “ಬಿಸಿನೀರು ಕೊಡಿ, ಕೇಳುತ್ತಿದ್ದಾಳೆ” ಎಂದಳು. ಫ್ಲಾಸ್ಕು ಒಳಗೆ ಹೋಯಿತು. ಅತ್ತೆಯವರು ಸೆರಗಿನಿಂದ ಕಣ್ಣೊರೆಸಿಕೊಂಡರು.