ನಿಂತಲ್ಲೇ ಬಿದ್ದ ಬೈಕು: ಅಂಟಿಸುವುದೇನು, ಬಿಸಾಡುವುದೇನು

ಒಡೆದ ಪ್ಯಾನೆಲ್ ಕಳಚಿ, ತಿರುಗಿಸಿ, ಒಳಮೈ ನೋಡಿ. ಧೂಳು ಒರೆಸಿದರೆ ಎರಡು ಬಾಣದ ಗುರುತುಗಳ ನಡುವೆ ಎರಡೋ ಮೂರೋ ಇಂಗ್ಲಿಷ್ ಅಕ್ಷರಗಳು ಸಾಮಾನ್ಯವಾಗಿ ಕಾಣುತ್ತವೆ: ಎಬಿಎಸ್ ಎಂದೋ ಪಿಪಿ ಎಂದೋ. ಷೋರೂಮಿನವರು ಹೊಸ ಪ್ಯಾನೆಲ್ಲಿನ ಬೆಲೆ ಹೇಳುವ ಮೊದಲು, ಗ್ಯಾರೇಜಿನ ಹುಡುಗ ಫೆವಿಕ್ವಿಕ್ ಮುಚ್ಚಳ ತೆಗೆಯುವ ಮೊದಲು ಓದಬೇಕಾದದ್ದು ಇದನ್ನೇ. ಬಿದ್ದ ಗಾಡಿಯಲ್ಲಿ ಯಾವುದು ಉಳಿಯುತ್ತದೆ, ಯಾವುದು ಗುಜರಿಗೆ ಹೋಗುತ್ತದೆ ಎನ್ನುವುದನ್ನು ಮೆಕ್ಯಾನಿಕ್‌ನ ಕೈಚಳಕಕ್ಕಿಂತ ಮೊದಲು ತೀರ್ಮಾನಿಸುವುದು ಆ ವಸ್ತುವಿನ ಗುಣ.

ಇದು ದೊಡ್ಡ ಅಪಘಾತದ ಮಾತಲ್ಲ. ಮಳೆಗಾಲದಲ್ಲಿ ಸೈಡ್ ಸ್ಟ್ಯಾಂಡ್ ಕೆಸರಿಗೆ ಇಳಿದು ರಾತ್ರೋರಾತ್ರಿ ಮಲಗಿದ ಗಾಡಿ, ಇಳಿಜಾರಿನಲ್ಲಿ ತಿರುಗಿಸಲು ಹೋಗಿ ಕಾಲು ಎಟುಕದೆ ವಾಲಿದ ಗಾಡಿ, ಪಾರ್ಕಿಂಗಿನಲ್ಲಿ ಪಕ್ಕದವರು ತಮ್ಮದನ್ನು ಎಳೆಯುವಾಗ ಉರುಳಿದ ಗಾಡಿ, ಇಂಥವು. ವೇಗ ಸೊನ್ನೆ. ಆದರೂ 150 ಕಿಲೋ ತೂಕದ ಬೈಕಿನ ಗುರುತ್ವಕೇಂದ್ರ ಕಾಲು ಮೀಟರಿನಷ್ಟು ಕೆಳಗಿಳಿಯಿತು ಎಂದಿಟ್ಟುಕೊಂಡರೆ ಸುಮಾರು 370 ಜೂಲ್ ಶಕ್ತಿ ಎಲ್ಲಾದರೂ ಖರ್ಚಾಗಲೇಬೇಕು. ಅದು ಇಡೀ ಮೈಗೆ ಸಮನಾಗಿ ಹಂಚಿಹೋದರೆ ಏನೂ ಆಗುತ್ತಿರಲಿಲ್ಲ. ಆದರೆ ನೆಲ ಮುಟ್ಟುವುದು ಹ್ಯಾಂಡಲ್‌ನ ತುದಿ, ಲಿವರ್, ಫುಟ್‌ರೆಸ್ಟ್, ಸೈಲೆನ್ಸರ್, ಇಲ್ಲವೇ ಪ್ಯಾನೆಲ್ಲಿನ ಉಬ್ಬಿದ ಅಂಚು. ಬೆರಳತುದಿಯಷ್ಟು ಅಗಲದ ಈ ಜಾಗಗಳೇ ಪೆಟ್ಟನ್ನೆಲ್ಲ ನುಂಗುತ್ತವೆ.

ಇಂಥ ಹೊತ್ತಿನಲ್ಲಿ ಮನೆಯ ಹಿರಿಯರೊಬ್ಬರು “ಆಗಿನ ಕಬ್ಬಿಣವೇ ಕಬ್ಬಿಣ, ಈಗಿನದೆಲ್ಲ ಬರೀ ಪ್ಲಾಸ್ಟಿಕ್” ಎನ್ನದೆ ಬಿಡುವುದಿಲ್ಲ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ ಬರುತ್ತಿದ್ದ ಜಾವಾ, ಯೆಜ್ಡಿಗಳ ಮಡ್‌ಗಾರ್ಡು, ಟ್ಯಾಂಕುಗಳೆಲ್ಲ ಉಕ್ಕಿನ ತಗಡಿನವು. ಬಿದ್ದರೆ ಒಡೆಯುತ್ತಿರಲಿಲ್ಲ, ನಿಜ. ನೆಗ್ಗುತ್ತಿದ್ದವು, ಮತ್ತು ನೆಗ್ಗಿದ ಹಾಗೇ ಇರುತ್ತಿದ್ದವು. ಸಾಧಾರಣ ಉಕ್ಕಿನ ತಗಡು ತನ್ನ ಉದ್ದದ ಸಾವಿರದಲ್ಲಿ ಒಂದೆರಡು ಭಾಗದಷ್ಟು ಹಿಗ್ಗಿದರೆ ಮುಗಿಯಿತು, ಮತ್ತೆ ಹಳೆಯ ಆಕಾರಕ್ಕೆ ತಾನಾಗಿ ಬರುವುದಿಲ್ಲ. ಎಬಿಎಸ್ ಪ್ಲಾಸ್ಟಿಕ್ ನೂರರಲ್ಲಿ ಎರಡು ಭಾಗದಷ್ಟು ಹಿಗ್ಗಿಯೂ ವಾಪಸ್ಸು ಬರುತ್ತದೆ. ಅಂದರೆ ಉಕ್ಕಿನ ಹತ್ತಿಪ್ಪತ್ತು ಪಟ್ಟು. ಪ್ಯಾನೆಲ್ ಎಷ್ಟೋ ಸಲ ಪೆಟ್ಟು ತಿಂದು, ಬಾಗಿ, ಎದ್ದು ನಿಂತಿರುತ್ತದೆ; ಬರೀ ಗೀರು ಬಿದ್ದದ್ದರಿಂದ ನಮಗೆ ಗೊತ್ತೇ ಆಗುವುದಿಲ್ಲ. ಹೋಂಡಾ ಕಂಪನಿ 1958ರಲ್ಲೇ ಸೂಪರ್ ಕಬ್ ಬೈಕಿನ ಲೆಗ್ ಶೀಲ್ಡನ್ನು ಪಾಲಿಥಿಲೀನ್‌ನಲ್ಲಿ ಮಾಡಿತ್ತು. ಈ ವಿಷಯದಲ್ಲಿ ನನ್ನ ಓಟು ಪ್ಲಾಸ್ಟಿಕ್ಕಿಗೇ.

ಬಣ್ಣ ಹೊಡೆದ ಹೊಳಪಿನ ಪ್ಯಾನೆಲ್‌ಗಳು, ಹೆಡ್‌ಲೈಟಿನ ಸುತ್ತಲಿನ ಕವಚ, ಸೀಟಿನ ಹಿಂದಿನ ಬಾಲ, ಇವು ಹೆಚ್ಚಾಗಿ ಎಬಿಎಸ್. ಬ್ರೇಕಿನ ಎಬಿಎಸ್ ಅಲ್ಲ, ಅಕ್ರಿಲೋನೈಟ್ರೈಲ್, ಬ್ಯೂಟಡೈಯೀನ್, ಸ್ಟೈರೀನ್ ಮೂರೂ ಸೇರಿದ ಪ್ಲಾಸ್ಟಿಕ್. ಸ್ಟೈರೀನ್‌ನಿಂದ ಹೊಳಪು, ಅಕ್ರಿಲೋನೈಟ್ರೈಲ್‌ನಿಂದ ಗಡಸುತನ. ಬ್ಯೂಟಡೈಯೀನ್ ರಬ್ಬರ್. ಅದು ಕಣ್ಣಿಗೆ ಕಾಣದ ಸಣ್ಣ ಗುಂಡುಗಳಾಗಿ ಒಳಗೆಲ್ಲ ಚದುರಿಕೊಂಡಿರುತ್ತದೆ. ಪೆಟ್ಟು ಬಿದ್ದಾಗ ಈ ಗುಂಡುಗಳ ಸುತ್ತ ಸಾವಿರಾರು ಸೂಕ್ಷ್ಮ ಬಿರುಕುಗಳು ಹುಟ್ಟಿ, ಅಲ್ಲಲ್ಲೇ ನಿಂತು, ಶಕ್ತಿಯನ್ನು ತಿಂದುಹಾಕುತ್ತವೆ. ಒಂದು ದೊಡ್ಡ ಸೀಳಿನ ಬದಲು ಸಾವಿರ ಸಣ್ಣವು. ಒಡೆದ ಜಾಗದ ಅಕ್ಕಪಕ್ಕ ಪ್ಲಾಸ್ಟಿಕ್ ಬೆಳ್ಳಗಾಗಿರುವುದನ್ನು ನೋಡಿದ್ದೀರಲ್ಲ, ಅದು ಇದೇ: ಒಳಗಿನ ಸಣ್ಣ ಬಿರುಕು, ಪೊಳ್ಳುಗಳು ಬೆಳಕನ್ನು ಚೆಲ್ಲಾಪಿಲ್ಲಿ ಮಾಡುತ್ತವೆ.

ಸೀಳು ಬಿಟ್ಟಾದ ಮೇಲೆ ಮೊದಲ ಕೆಲಸ ಅಂಟಿಸುವುದಲ್ಲ, ತೂತು ಕೊರೆಯುವುದು. ಬ್ರಿಟಿಷ್ ಎಂಜಿನಿಯರ್ ಚಾರ್ಲ್ಸ್ ಇಂಗ್ಲಿಸ್ 1913ರಲ್ಲಿ ಲೆಕ್ಕ ಹಾಕಿ ತೋರಿಸಿದ್ದು ಇದನ್ನು: ತಗಡಿನಲ್ಲಿ ಸೀಳಿದ್ದರೆ ಅದರ ತುದಿಯಲ್ಲಿ ಒತ್ತಡ ಹಲವು ಪಟ್ಟು ಏರುತ್ತದೆ, ಸೀಳು ಉದ್ದವಾದಷ್ಟೂ, ತುದಿ ಚೂಪಾದಷ್ಟೂ ಏರಿಕೆ ಹೆಚ್ಚು. ದುಂಡನೆಯ ತೂತಿನ ಅಂಚಿನಲ್ಲಿ ಮಾತ್ರ ಅದು ಮೂರು ಪಟ್ಟಿಗೆ ನಿಲ್ಲುತ್ತದೆ. ಆದ್ದರಿಂದ ಸೀಳು ಮುಗಿಯುವಲ್ಲಿ ಎರಡು ಮೂರು ಮಿಲಿಮೀಟರಿನ ತೂತು ಹಾಕಿದರೆ ಚೂಪು ತುದಿ ಮಾಯವಾಗಿ, ಬಿರುಕು ಮುಂದಕ್ಕೆ ಓಡುವುದಿಲ್ಲ. ಕಣ್ಣಿಗೆ ಕಾಣುವ ತುದಿಗಿಂತ ನಿಜವಾದ ತುದಿ ತುಸು ಮುಂದಿರುತ್ತದೆ, ಹಾಗಾಗಿ ಕೊಂಚ ಆಚೆಗೇ ಕೊರೆಯಬೇಕು. ಇದನ್ನು ಮಾಡದೆ ಅಂಟಿಸಿದ ಪ್ಯಾನೆಲ್ ಎಂಜಿನ್ನಿನ ನಡುಕಕ್ಕೆ ಮತ್ತೆ ಅಲ್ಲಿಂದಲೇ ಸೀಳತೊಡಗುತ್ತದೆ.

ಆಮೇಲೆ ಅಂಟು. ಫೆವಿಕ್ವಿಕ್ ಸುರಿದು ಮೇಲೆ ಅಡುಗೆ ಸೋಡಾ ಉದುರಿಸುವ ಉಪಾಯ ಎಲ್ಲ ಗ್ಯಾರೇಜಿಗೂ ಗೊತ್ತು. ಸೋಡಾ ಬೀಳುತ್ತಲೇ ಅಂಟು ಕ್ಷಣದಲ್ಲಿ ಕಲ್ಲಾಗುತ್ತದೆ, ತೊಂದರೆಯೂ ಅದೇ. ಪ್ಯಾನೆಲ್ ಬಾಗುತ್ತದೆ, ಆ ಬೆಸುಗೆ ಬಾಗುವುದಿಲ್ಲ, ಪಕ್ಕದಲ್ಲೇ ಹೊಸ ಬಿರುಕು ಬರುತ್ತದೆ. ಎಬಿಎಸ್‌ಗೆ ಇದಕ್ಕಿಂತ ಒಳ್ಳೆಯ ದಾರಿ ಅಸಿಟೋನ್. ಈ ಪ್ಲಾಸ್ಟಿಕ್ಕಿನ ಉದ್ದುದ್ದ ಅಣುಸರಪಳಿಗಳು ಬೇಯಿಸಿದ ಶಾವಿಗೆಯ ಹಾಗೆ ಒಂದರೊಳಗೊಂದು ಸಿಕ್ಕಿಕೊಂಡು ಬಿದ್ದಿರುತ್ತವೆ, ಅವುಗಳಲ್ಲಿ ಅಚ್ಚುಕಟ್ಟು ಜೋಡಣೆ ಇಲ್ಲ. ಅಸಿಟೋನ್ ನಡುವೆ ನುಗ್ಗಿ ಅವನ್ನು ಸಡಿಲಿಸುತ್ತದೆ. ಎರಡು ಅಂಚುಗಳನ್ನು ಒತ್ತಿ ಹಿಡಿದರೆ ಈ ಬದಿಯ ಎಳೆಗಳು ಆ ಬದಿಗೆ, ಆ ಬದಿಯವು ಈ ಬದಿಗೆ ಹೊಕ್ಕು ಹೆಣೆದುಕೊಳ್ಳುತ್ತವೆ. ಅಸಿಟೋನ್ ಆವಿಯಾಗಿ ಹೋದ ಮೇಲೆ ಅಲ್ಲಿ ಅಂಟು ಎಂಬ ಪರಕೀಯ ವಸ್ತು ಇರುವುದೇ ಇಲ್ಲ. ಪ್ಲಾಸ್ಟಿಕ್ಕಿಗೆ ಪ್ಲಾಸ್ಟಿಕ್ಕೇ ಬೆಸೆದಿರುತ್ತದೆ.

ಬಿರುಕಿನಲ್ಲಿ ಚೂರು ಕಳೆದುಹೋಗಿದ್ದರೆ ಎಬಿಎಸ್ ತುಣುಕುಗಳನ್ನೇ ಅಸಿಟೋನ್‌ನಲ್ಲಿ ನೆನೆಸಿ ಗಂಜಿಯಷ್ಟು ಗಟ್ಟಿಯಾದ ದ್ರಾವಣ ಮಾಡಿಕೊಂಡು, ಒಳಮೈಯಿಂದ ಪದರ ಪದರವಾಗಿ ತುಂಬಬಹುದು. ತುಣುಕಿಗೆ ಗುಜರಿಯ ಹಳೆಯ ಪ್ಯಾನೆಲ್ ಆದೀತು. ಮಕ್ಕಳ ಲೆಗೋ ಇಟ್ಟಿಗೆಯೂ ಆದೀತು, ಆ ಕಂಪನಿ 1963ರಿಂದ ಇಟ್ಟಿಗೆಗಳನ್ನು ಎಬಿಎಸ್‌ನಲ್ಲೇ ಮಾಡುತ್ತಿದೆ (ಮಕ್ಕಳನ್ನು ಕೇಳಿ ತೆಗೆದುಕೊಳ್ಳಿ). ಒಂದು ದಿನವಾದರೂ ಒಣಗಲು ಬಿಡಿ. ಕಿಟಕಿ ತೆರೆದಿರಲಿ, ಬೆಂಕಿ ದೂರವಿರಲಿ. ಹೆಡ್‌ಲೈಟಿನ ಗಾಜಿನ ಮೇಲೆ ಮಾತ್ರ ಒಂದು ಹನಿಯೂ ಬೀಳಬಾರದು. ಅದು ಗಾಜಲ್ಲ, ಪಾಲಿಕಾರ್ಬೊನೇಟ್. ಅಸಿಟೋನ್ ತಾಗಿದರೆ ಮಂಜಾಗಿ ಬಿರಿಯುತ್ತದೆ.

ಇದೇ ಉಪಾಯವನ್ನು ಕಪ್ಪಗಿನ, ಬಣ್ಣ ಹೊಡೆಯದ ಮಡ್‌ಗಾರ್ಡ್ ಮೇಲೆ ಮಾಡಿದರೆ ಏನೂ ಆಗುವುದಿಲ್ಲ. ಅದು ಬಹುತೇಕ ಪಾಲಿಪ್ರೊಪಿಲೀನ್, ಅಂದರೆ ಒಳಮೈಯ ಪಿಪಿ. ಅದರ ಸರಪಳಿಗಳು ಬಹಳಷ್ಟು ಕಡೆ ಮಡಿಸಿಟ್ಟಂತೆ ಒತ್ತಾಗಿ ಜೋಡಿಸಿಕೊಂಡಿರುವುದರಿಂದ ಅಸಿಟೋನ್‌ಗೆ ಒಳಗೆ ದಾರಿಯಿಲ್ಲ. ಮೇಲ್ಮೈಯೂ ಯಾವ ಅಂಟನ್ನೂ ಹತ್ತಿರ ಬಿಟ್ಟುಕೊಳ್ಳದ ಸ್ವಭಾವದ್ದು. ಎಂ-ಸೀಲ್ ಕೂಡ ಗಟ್ಟಿಯಾದ ಮೇಲೆ ಉಗುರಿಗೆ ಎದ್ದುಬರುತ್ತದೆ. ಪಿಪಿಗೆ ಪಿಪಿ ಕಡ್ಡಿಯನ್ನೇ ಬಿಸಿಗಾಳಿಯಲ್ಲಿ ಕರಗಿಸಿ ಬೆಸೆಯಬೇಕು, ಇಲ್ಲವೇ ಬಿಸಿ ತಂತಿಯ ಹೊಲಿಗೆ ಹಾಕಿಸಬೇಕು. ಅಕ್ಷರ ಅಳಿಸಿಹೋಗಿದ್ದರೆ ಒಂದು ಚೂರು ಕತ್ತರಿಸಿ ನೀರಿಗೆ ಹಾಕಿ: ಪಿಪಿ ತೇಲುತ್ತದೆ, ಎಬಿಎಸ್ ಮುಳುಗುತ್ತದೆ. ಕಪ್ಪು ಪ್ಯಾನೆಲ್ ಒಡೆಯದೆ ಬಾಗಿ ಬರೀ ಬಿಳಿ ಕಲೆ ಉಳಿದಿದ್ದರೆ ಹೀಟ್ ಗನ್ನಿನಿಂದ ದೂರದಿಂದ ನಿಧಾನವಾಗಿ ಬಿಸಿ ಮಾಡಿದರೆ ಸಾಕು, ಕಪ್ಪು ಬಹುಪಾಲು ಮರಳುತ್ತದೆ.

ಬಣ್ಣದ ಗೀರಿಗೆ ಒಂದು ಸುಲಭದ ಪರೀಕ್ಷೆಯಿದೆ. ಗೀರಿನ ಮೇಲೆ ನೀರು ಸವರಿ. ಅದು ಮಾಯವಾದರೆ ಗಾಯ ಮೇಲಿನ ಪಾರದರ್ಶಕ ಪದರದಲ್ಲಷ್ಟೇ ಇದೆ, ಅದರ ಒರಟು ಅಂಚುಗಳು ಬೆಳಕು ಚದುರಿಸಿ ಬೆಳ್ಳಗೆ ಕಾಣುತ್ತಿದ್ದವು. ನೀರು ಆ ಕಣಿವೆ ತುಂಬಿದಾಗ ಬೆಳಕು ಬಹುಮಟ್ಟಿಗೆ ನೇರವಾಗಿ ಹೋಗುತ್ತದೆ. ಇಂಥದಕ್ಕೆ ನೀರು ಹಾಕಿ ಉಜ್ಜುವ ನುಣುಪು ಮರಳುಕಾಗದ, ಪಾಲಿಶ್ ಸಾಕು. ನೀರು ಹಚ್ಚಿದರೂ ಕಾಣುವ, ಉಗುರು ಸಿಕ್ಕಿಕೊಳ್ಳುವ ಗೀರಿಗೆ ಬಣ್ಣವೇ ಬೇಕು. ಅಲ್ಲಿ ತಾಪತ್ರಯ ಶುರು. ಲೋಹದ ಭಾಗದ ಬಣ್ಣವನ್ನು ಕಾರ್ಖಾನೆಯಲ್ಲಿ 140 ಡಿಗ್ರಿಯ ಆಸುಪಾಸಿನಲ್ಲಿ ಬೇಯಿಸುತ್ತಾರೆ. ಎಬಿಎಸ್ ನೂರರ ಹತ್ತಿರವೇ ಮೆತ್ತಗಾಗುವುದರಿಂದ ಅದರ ಬಣ್ಣ ಕಡಿಮೆ ಶಾಖದಲ್ಲಿ ಗಟ್ಟಿಯಾಗುವ ಬೇರೆ ಜಾತಿಯದು. ಒಂದೇ ಬೈಕಿನ ಟ್ಯಾಂಕೂ ಪ್ಯಾನೆಲ್ಲೂ ಹೊಸದರಲ್ಲಿ ಒಂದೇ ಬಣ್ಣ, ಬಿಸಿಲಲ್ಲಿ ನಾಲ್ಕು ವರ್ಷ ನಿಂತ ಮೇಲೆ ಬೇರೆ ಬೇರೆ. ಮೆಟಾಲಿಕ್ ಬಣ್ಣವಾದರೆ ಅದರೊಳಗಿನ ಅಲ್ಯೂಮಿನಿಯಂ ಚೂರುಗಳು ಹೇಗೆ ಮಲಗಿವೆ ಎನ್ನುವುದರ ಮೇಲೆ ಹೊಳಪು ನಿಂತಿರುತ್ತದೆ, ಅದು ಪೇಂಟರ್ ಗನ್ ಹಿಡಿದ ದೂರ, ಥಿನ್ನರ್‌ನ ಪ್ರಮಾಣ, ಆ ದಿನದ ಸೆಕೆಗೆಲ್ಲ ಬದಲಾಗುತ್ತದೆ. ಗಟ್ಟಿಕಾರಕ ಬೆರೆಸಿ ಹೊಡೆಯುವ ಪಾಲಿಯುರೆಥೇನ್ ಬಣ್ಣದಲ್ಲಿ ಐಸೊಸೈನೇಟ್ ಇರುತ್ತದೆ, ಅದು ಅಸ್ತಮಾ ತರಬಲ್ಲದು. ಮೂಗಿಗೆ ಕರ್ಚೀಫು ಕಟ್ಟಿಕೊಂಡು ಹೊಡೆಯುವ ಹುಡುಗರನ್ನು ನೋಡಿದರೆ ಸಿಟ್ಟು ಬರುವುದು ಅವರ ಮೇಲಲ್ಲ, ಅವರಿಗೆ ಸರಿಯಾದ ಮಾಸ್ಕ್ ಕೊಡಿಸದ ಮಾಲೀಕರ ಮೇಲೆ.

ಟ್ಯಾಂಕ್ ನೆಗ್ಗಿದ್ದರೆ ಕಥೆ ಬೇರೆ. ಕಾರಿನ ಬಾಗಿಲಿಗಾದರೆ ಟಿಂಕರಿಂಗ್‌ನವರು ಹಿಂದಿನಿಂದ ತಟ್ಟಿ ಎತ್ತುತ್ತಾರೆ. ಬೈಕಿನ ಟ್ಯಾಂಕಿಗೆ ಫ್ರೇಮಿನ ಮೇಲೆ ಕೂರಲು ಇನ್ನೊಂದು ಒಳಗೋಡೆಯಿದೆ, ಕೈ ಹೋಗದು. ಪೆಟ್ರೋಲ್ ಹಾಕುವ ಬಾಯಿಂದ ಬಾಗಿದ ಕಡ್ಡಿ ತೂರಿಸುವುದು, ಇಲ್ಲವೇ ಹೊರಗಿನಿಂದ ಅಂಟು ಹಚ್ಚಿ ಎಳೆಯುವುದು, ಎರಡೇ ದಾರಿ. ಬಿಸಿಗಾಳಿ ಊದಿ ತಕ್ಷಣ ತಣ್ಣಗೆ ಮಾಡಿದರೆ ಡೆಂಟ್ ‘ಟಪ್’ ಎಂದು ಏಳುವ ವಿಡಿಯೋಗಳಿವೆಯಲ್ಲ, ಅವು ಅಗಲವಾದ, ಮಡಿಕೆ ಬೀಳದ, ತಗಡು ಬರೀ ಒಳಕ್ಕೆ ಬಾಗಿ ನಿಂತ ಡೆಂಟ್‌ಗಳು. ಮಡಿಕೆ ಬಿದ್ದಲ್ಲಿ ತಗಡು ಹಿಗ್ಗಿಹೋಗಿರುತ್ತದೆ, ಅದಕ್ಕೆ ಪುಟ್ಟಿ ತುಂಬಿ ಬಣ್ಣ ಹೊಡೆಯುವುದೇ ವಾಸಿ. ಮತ್ತೆ, ಪೆಟ್ರೋಲ್ ಖಾಲಿ ಮಾಡಿದ್ದೇನೆ, ಇನ್ನು ಭಯವಿಲ್ಲ ಎಂದು ಬೆಂಕಿ ಹಿಡಿಯುವವರಿಗೆ ಒಂದು ಮಾತು. ಗಾಳಿಯಲ್ಲಿ ಪೆಟ್ರೋಲ್ ಆವಿ ನೂರಕ್ಕೆ ಸುಮಾರು 1.4ರಿಂದ 7.6ರಷ್ಟಿದ್ದರೆ ಹೊತ್ತಿಕೊಳ್ಳುತ್ತದೆ. ತುಂಬಿದ ಟ್ಯಾಂಕಿನೊಳಗೆ ಆವಿ ಸಾಮಾನ್ಯವಾಗಿ ಅದಕ್ಕಿಂತ ದಟ್ಟ. ಖಾಲಿ ಟ್ಯಾಂಕಿನಲ್ಲಿ ಗಾಳಿ ಸೇರಿ ಹದ ಸರಿಯಾಗಿ ಕೂಡಿಬರಬಹುದು. ಖಾಲಿಯದೇ ಹೆಚ್ಚು ಅಪಾಯ.

ಇಷ್ಟು ಹೊತ್ತು ಉಳಿಸುವ ಮಾತಾಯಿತು. ಬಿಸಾಡಬೇಕಾದದ್ದು ಬಾಗಿದ ಬ್ರೇಕ್ ಲಿವರ್. ಪ್ಯಾನೆಲ್ಲಿಗೆ ಹೋಲಿಸಿದರೆ ಅದರ ಬೆಲೆ ಅಲ್ಪ, ಆದರೆ ಜನ ಪ್ಯಾನೆಲ್ ಬದಲಿಸಿ ಲಿವರನ್ನು ಪೈಪಿಗೆ ತೂರಿಸಿ ನೆಟ್ಟಗೆ ಮಾಡಿಕೊಳ್ಳುತ್ತಾರೆ. ಲಿವರ್ ಅಲ್ಯೂಮಿನಿಯಂ ಮಿಶ್ರಲೋಹದ್ದು. ಎರಕದ್ದಾದರೆ ಬಾಗಿಸಿಕೊಳ್ಳುವ ಗುಣ ಇನ್ನೂ ಕಡಿಮೆ. ಒಮ್ಮೆ ಬಾಗಿದ ಜಾಗ ಗಟ್ಟಿಯಾಗಿ, ಹೊರಮೈಯಲ್ಲಿ ಕಾಣದ ಬಿರುಕು ಹುಟ್ಟಿರಬಹುದು. ಅದನ್ನು ಹಿಂದಕ್ಕೆ ಬಾಗಿಸಿದಾಗ ಆ ಬಿರುಕು ಇನ್ನಷ್ಟು ಆಳಕ್ಕಿಳಿಯುತ್ತದೆ. ಮುರಿಯುವುದು ಗ್ಯಾರೇಜಿನಲ್ಲಲ್ಲ, ಎದುರಿಗೆ ಹಸು ಬಂದಾಗ, ಇಡೀ ಮುಷ್ಟಿಯಿಂದ ಹಿಡಿದಾಗ. ಕೆಲವು ಲಿವರ್‌ಗಳ ತುದಿಯ ಹತ್ತಿರ ಬೇಕೆಂದೇ ಒಂದು ಕಚ್ಚು ಇಟ್ಟಿರುತ್ತಾರೆ, ಬಿದ್ದಾಗ ಅಲ್ಲೇ ತುಂಡಾಗಿ ಮನೆಗೆ ಮುಟ್ಟುವಷ್ಟು ಲಿವರ್ ಉಳಿಯಲಿ ಎಂದು. ಲೆಗ್ ಗಾರ್ಡ್ ಇದ್ದರೆ ಅದು ಫ್ರೇಮಿಗೆ ಸೇರುವ ಬೋಲ್ಟಿನ ಜಾಗವನ್ನೂ ನೋಡಿ, ಗಾರ್ಡ್ ತಾನು ಬಾಗದೆ ಪೆಟ್ಟನ್ನು ಅಲ್ಲಿಗೆ ರವಾನಿಸಿರಬಹುದು. ಎತ್ತಿ ನಿಲ್ಲಿಸಿದ ಗಾಡಿ ಸ್ಟಾರ್ಟ್ ಆಗದಿದ್ದರೆ ಗಾಬರಿ ಬೇಡ. ಫ್ಯುಯೆಲ್ ಇಂಜೆಕ್ಷನ್ ಬೈಕುಗಳಲ್ಲಿ ವಾಲಿದ್ದನ್ನು ಗುರುತಿಸಿ ಎಂಜಿನ್ ಆರಿಸುವ ಸೆನ್ಸರ್ ಇರುತ್ತದೆ, ಕೀ ಆಫ್ ಮಾಡಿ ಆನ್ ಮಾಡಿದರೆ ಹೆಚ್ಚಾಗಿ ಸರಿಹೋಗುತ್ತದೆ.

ವಿಮೆಯ ಲೆಕ್ಕವೂ ವಸ್ತುವಿನದೇ. ಝೀರೋ ಡೆಪ್ರಿಸಿಯೇಷನ್ ಇಲ್ಲದ ಸಾಮಾನ್ಯ ಪಾಲಿಸಿಯಲ್ಲಿ ಪ್ಲಾಸ್ಟಿಕ್, ರಬ್ಬರ್ ಭಾಗಗಳಿಗೆ ಮೊದಲ ದಿನದಿಂದಲೇ ಶೇ. 50 ಕಡಿತ, ಫೈಬರ್ ಗ್ಲಾಸಿಗೆ ಶೇ. 30, ಲೋಹಕ್ಕೆ ಗಾಡಿಯ ವಯಸ್ಸಿನ ಪ್ರಕಾರ. ಅದರ ಮೇಲೆ, ಕ್ಲೇಮ್ ಮಾಡಿದರೆ ಶೇ. 20ರಿಂದ 50ರವರೆಗೆ ಏರಿಕೊಂಡು ಬಂದ ನೋ ಕ್ಲೇಮ್ ಬೋನಸ್ ಹೋಗುತ್ತದೆ. ಒಂದು ಪ್ಯಾನೆಲ್ಲಿಗೆ ಕ್ಲೇಮ್ ಹಾಕುವುದು ಹೆಚ್ಚಿನವರಿಗೆ ನಷ್ಟದ ಬಾಬ್ತು.

ಹೊಸದನ್ನೇ ಹಾಕುವುದಾದರೆ ಬೆಂಗಳೂರಿನವರು ಜೆ.ಸಿ. ರಸ್ತೆಗೆ ಹೋಗುತ್ತಾರೆ, ಅಲ್ಲಿ ಕಂಪನಿಯದೂ ಸಿಗುತ್ತದೆ, ಡೂಪ್ಲಿಕೇಟೂ ಸಿಗುತ್ತದೆ. ಡೂಪ್ಲಿಕೇಟಿನ ಮುಖ್ಯ ದೋಷ ಹೊಳಪಿನದಲ್ಲ, ಅಳತೆಯದು. ತೂತು ಎರಡು ಮಿಲಿಮೀಟರ್ ಆಚೀಚೆ ಇದ್ದರೆ ಹುಡುಗರು ಎಳೆದು ಸ್ಕ್ರೂ ಬಿಗಿಯುತ್ತಾರೆ, ಪ್ಯಾನೆಲ್ ಆ ಕ್ಷಣದಿಂದ ಒತ್ತಡದಲ್ಲೇ ಬದುಕುತ್ತದೆ. ಹಳೆಯದನ್ನು ಬೆಸೆದು ಹಾಕಿದಾಗಲೂ ಇದೇ ಗಮನ ಬೇಕು. ಬಹಳಷ್ಟು ಪ್ಯಾನೆಲ್‌ಗಳ ಬೋಲ್ಟ್ ತೂತಿನಲ್ಲಿ ಒಂದು ರಬ್ಬರ್ ಬಳೆ, ಅದರೊಳಗೆ ಸಣ್ಣ ಲೋಹದ ಬುಷ್ ಇರುತ್ತದೆ. ಬೋಲ್ಟ್ ಬಿಗಿಯಾಗುವುದು ಬುಷ್ಷಿನ ಮೇಲೆ, ಪ್ಯಾನೆಲ್ ರಬ್ಬರಿನಲ್ಲಿ ತೇಲುತ್ತಿರುತ್ತದೆ, ನಡುಕ ಅದಕ್ಕೆ ನೇರ ತಾಗುವುದಿಲ್ಲ. ಗಾಡಿ ಬಿದ್ದಾಗ ಪ್ಯಾನೆಲ್ಲಿನ ಲಾಕ್ ಮುರಿದು ಮೊದಲು ಹಾರಿಹೋಗುವ ಸಾಮಾನು ಈ ಬುಷ್ಷೇ. ಅದರ ಬದಲು ವಾಷರ್ ಹಾಕಿ ಬಿಗಿದರೆ ಸ್ಕ್ರೂ ಪ್ಲಾಸ್ಟಿಕ್ಕನ್ನೇ ಹಿಸುಕುತ್ತದೆ, ಎಷ್ಟೇ ಚೆನ್ನಾಗಿ ಬೆಸೆದಿದ್ದರೂ ಸೀಳು ಆ ತೂತಿನಿಂದಲೇ ಮತ್ತೆ ಏಳುತ್ತದೆ. ಗಾಡಿ ಎತ್ತಿದ ಮೇಲೆ ಟಾರ್ಚ್ ಹಿಡಿದು ಆ ಜಾಗದಲ್ಲೊಮ್ಮೆ ಹುಡುಕಿ. ಸಿಗದಿದ್ದರೆ ಪ್ಯಾನೆಲ್ ಕೊಳ್ಳುವಾಗ ಬುಷ್ಷು, ರಬ್ಬರ್ ಎರಡನ್ನೂ ಬೇರೆಯಾಗಿ ಕೇಳಿ ತನ್ನಿ, ಅವು ಪ್ಯಾನೆಲ್ಲಿನ ಜೊತೆ ಬಂದೇ ಬರುತ್ತವೆಂಬ ಭರವಸೆಯಿಲ್ಲ.