ಕಾಪು ದೀಪಸ್ತಂಭಕ್ಕಿಂತ ಎತ್ತರದ ಹಳಿ

ಕಾಪು ಕಡಲತಡಿಯ ಬಂಡೆಯ ಮೇಲೆ 1901ರಲ್ಲಿ ಎದ್ದ ದೀಪಸ್ತಂಭದ ಎತ್ತರ ಸುಮಾರು 27 ಮೀಟರ್. ಬಿಡದಿಯ ವಂಡರ್‌ಲಾದಲ್ಲಿರುವ ‘ರಿಕಾಯ್ಲ್’ ರೋಲರ್ ಕೋಸ್ಟರಿನ ಹಳಿ ಅದಕ್ಕಿಂತಲೂ ಎಂಟು ಮೀಟರಿನಷ್ಟು ಮೇಲೆ ಹೋಗುತ್ತದೆ. ಮಣಿಪಾಲ, ಉಡುಪಿಯ ಕಾಲೇಜು ಮಕ್ಕಳು ಟೂರಿಗೆಂದು ಬಸ್ಸು ಮಾಡಿಕೊಂಡು ಹೋಗಿ, ಗಂಟಲು ಹರಿಯುವಂತೆ ಕೂಗಿ, ಕಾಲು ನಡುಗಿಸಿಕೊಂಡು ಇಳಿಯುವುದು ಇದರ ಮೇಲಿಂದಲೇ. ಇಳಿದವರು ಮೊದಲು ಹುಡುಕುವುದು ತಮ್ಮ ಫೋಟೊವನ್ನು. ಅಷ್ಟು ಹೊತ್ತು ತಮ್ಮನ್ನು ಹೊತ್ತಿದ್ದ ಕಂಬಗಳನ್ನು ತಿರುಗಿ ನೋಡುವವರು ಅಪರೂಪ. ನನಗಂತೂ ಸವಾರಿಗಿಂತ ಆ ಕಂಬಗಳ ಕತೆಯೇ ಹೆಚ್ಚು ರುಚಿ.

ಡಬ್ಬಿಗಳಲ್ಲಿ ಎಂಜಿನ್ ಇಲ್ಲ ಎಂಬಲ್ಲಿಂದಲೇ ಆ ಕತೆ ಶುರು. ಮೋಟರಿನ ಕೆಲಸ ಮೇಲಕ್ಕೆ ಎಳೆದು ಬಿಡುವುದಷ್ಟೆ. ಮುಂದಿನದ್ದನ್ನು ಭೂಮಿ ನೋಡಿಕೊಳ್ಳುತ್ತದೆ. ಘರ್ಷಣೆಯನ್ನು ಬದಿಗಿಟ್ಟು ಲೆಕ್ಕ ಹಾಕಿದರೆ, ಕಾರ್ಕಳದ ಗೊಮ್ಮಟನಷ್ಟು, ಅಂದರೆ 42 ಅಡಿ ಎತ್ತರದಿಂದ ಜಾರಿದ ವಸ್ತು ನೆಲ ಮುಟ್ಟುವಾಗ ಗಂಟೆಗೆ 57 ಕಿ.ಮೀ. ವೇಗದಲ್ಲಿರುತ್ತದೆ. ಕಾಪು ದೀಪಸ್ತಂಭದ ತುದಿಯಿಂದಾದರೆ 83. ಕುಳಿತವರು ತೆಳ್ಳಗಿದ್ದರೂ ದಪ್ಪಗಿದ್ದರೂ ಲೆಕ್ಕ ಬದಲಾಗದು. ರಿಕಾಯ್ಲಿನ 35.5 ಮೀಟರಿಗೆ ಕಾಗದದ ಮೇಲೆ 95 ಬರಬೇಕು, ಆದರೆ ಮುಟ್ಟುವುದು 75ರ ಆಸುಪಾಸು. ಗಾಳಿ ಮತ್ತು ಚಕ್ರಗಳು ಒಂದಿಷ್ಟು ತಿನ್ನುತ್ತವೆ. ಅಲ್ಲದೆ ಹಿಮ್ಮುಖವಾಗಿ ಮೇಲೆಳೆಯುವ ಈ ಉದ್ದನೆಯ ರೈಲಿನ ಮುಂದಿನ ಡಬ್ಬಿಗಳು ಹಿಂದಿನದ್ದರಷ್ಟು ಎತ್ತರಕ್ಕೆ ಏರಿರುವುದೇ ಇಲ್ಲ. ಎತ್ತರದ ಹಂಗಿಲ್ಲದ ಕೋಸ್ಟರುಗಳೂ ಇವೆ. ಅಬುಧಾಬಿಯ ‘ಫಾರ್ಮುಲಾ ರೋಸಾ’ ಹೈಡ್ರಾಲಿಕ್ ಬಲದಿಂದ ಐದು ಸೆಕೆಂಡಿನೊಳಗೆ 240 ಕಿ.ಮೀ. ವೇಗಕ್ಕೆ ನುಗ್ಗುತ್ತದೆ. ಕಣ್ಣಿಗೆ ಮರಳು, ಹುಳ ಬಡಿಯದಿರಲೆಂದು ಅಲ್ಲಿ ಕನ್ನಡಕ ಕೊಟ್ಟು ಕೂರಿಸುತ್ತಾರೆ. ಗಲ್ಫ್‌ನಲ್ಲಿ ನೆಂಟರಿರುವ ಉಡುಪಿಯ ಮನೆಗಳಲ್ಲಿ ಇದರ ವಿಡಿಯೊ ನೋಡದವರು ಕಡಿಮೆ.

ರಿಕಾಯ್ಲ್ ‘ಬೂಮರಾಂಗ್’ ಎಂಬ ಮಾದರಿಯದು. ರೈಲನ್ನು ನಿಲ್ದಾಣದಿಂದ ಹಿಮ್ಮುಖವಾಗಿ ಮೇಲೆಳೆದು ಬಿಡುತ್ತಾರೆ. ಮೂರು ಬಾರಿ ತಲೆಕೆಳಗಾಗಿ ಅದು ಎದುರಿನ ಗೋಪುರ ಏರುತ್ತದೆ, ಅಲ್ಲಿಂದ ಅದೇ ಹಾದಿಯಲ್ಲಿ ಹಿಂದು ಮುಂದಾಗಿ ವಾಪಸು. ಹಳಿಯ ಒಟ್ಟು ಉದ್ದ 285 ಮೀಟರ್ ಮಾತ್ರ! ಇದನ್ನು ರೂಪಿಸಿದ ನೆದರ್ಲೆಂಡ್ಸಿನ ವೆಕೋಮಾ 1926ರಲ್ಲಿ ಕೃಷಿ ಯಂತ್ರಗಳಿಂದ ಶುರುವಾದ ಕಾರ್ಖಾನೆ. ಆಮೇಲೆ ಕಲ್ಲಿದ್ದಲು ಗಣಿಗಳಿಗೆ ಉಕ್ಕಿನ ಕೆಲಸ ಮಾಡಿಕೊಡುತ್ತಿತ್ತು. ಗಣಿಗಳು ಮುಚ್ಚಿದವು, ಉಕ್ಕು ಬಗ್ಗಿಸುವ ಕೈಗಳು ಉಳಿದವು. ಹೊಟ್ಟೆಪಾಡು ಅವರನ್ನು ಮೋಜಿನ ಕಡೆಗೆ ತಂದಿತು.

ಕೋಸ್ಟರುಗಳು ಮೊದಲು ಮರದವೇ ಆಗಿದ್ದವು. 1959ರಲ್ಲಿ ಕ್ಯಾಲಿಫೋರ್ನಿಯಾದ ಡಿಸ್ನಿಲ್ಯಾಂಡ್ ‘ಮ್ಯಾಟರ್‌ಹಾರ್ನ್’ಗೆ ಉಕ್ಕಿನ ಕೊಳವೆಯನ್ನೇ ಹಳಿ ಮಾಡಿತು. ಕೊಳವೆಯನ್ನು ಯಾವ ದಿಕ್ಕಿಗೂ ಬಗ್ಗಿಸಬಹುದು. ತಲೆಕೆಳಗಾಗುವ ಆಟಕ್ಕೆ ದಾರಿಯಾದದ್ದು ಹಾಗೆ. ಅದಕ್ಕೂ ಮೊದಲು, ಹತ್ತೊಂಬತ್ತನೆಯ ಶತಮಾನದಲ್ಲೇ ಪೂರ್ತಿ ದುಂಡನೆಯ ಸುತ್ತು ಕಟ್ಟಿ ನೋಡಿದವರಿದ್ದರು, ಸವಾರರ ಕುತ್ತಿಗೆ ಉಳುಕಿತು. 1976ರಲ್ಲಿ ಜರ್ಮನಿಯ ಎಂಜಿನಿಯರ್ ವೆರ್ನರ್ ಸ್ಟೆಂಗೆಲ್ ನೀರಹನಿಯಂಥ ಸುತ್ತನ್ನು ಬಳಕೆಗೆ ತಂದ. ಕೆಳಗೆ ವಿಶಾಲ, ಮೇಲೆ ಬಿಗಿ, ತಿರುವು ಮೆಲ್ಲಗೆ ಹೆಚ್ಚುತ್ತ ಹೋಗುತ್ತದೆ. ರೈಲು ನೇರ ಹಳಿಯಿಂದ ತಿರುವಿಗೆ ಹೊರಳುವಾಗ ಪ್ರಯಾಣಿಕರ ಚಹಾ ಚೆಲ್ಲದಂತೆ ಕಾಯುವುದೂ ಇದೇ ಬಗೆಯ ಲೆಕ್ಕಾಚಾರ.

ಹೊಸ ಕೋಸ್ಟರ್ ಕಟ್ಟುವ ಜಾಗದಲ್ಲಿ ಮೊದಲ ದಿನಗಳಲ್ಲಿ ನೋಡಲು ಏನೂ ಇರುವುದಿಲ್ಲ. ಗುಂಡಿ, ಕಂಬಿ, ಕಾಂಕ್ರೀಟು, ಅದರಿಂದ ಮೇಲೆ ಇಣುಕುವ ದಪ್ಪ ಬೋಲ್ಟುಗಳು. ಬೋಲ್ಟಿನ ಜಾಗ ತಪ್ಪಿದರೆ ಕಂಬ ಕೂರದು, ಕಂಬ ಕೂರದಿದ್ದರೆ ಹಳಿ ಸೇರದು. ಹಳಿ ಕಾರ್ಖಾನೆಯಲ್ಲೇ ಬಗ್ಗಿ, ನಂಬರು ಹಾಕಿಸಿಕೊಂಡು ತುಂಡುತುಂಡಾಗಿ ಬರುತ್ತದೆ. ಕ್ರೇನಿನಲ್ಲಿ ಎತ್ತಿ ಬೋಲ್ಟು ಬಿಗಿಯಬೇಕೇ ಹೊರತು, ‘ಸ್ವಲ್ಪ ಕಟ್ ಮಾಡಿ ಅಡ್ಜಸ್ಟ್ ಮಾಡೋಣ’ ಎಂಬ ನಮ್ಮ ಊರಿನ ವಿದ್ಯೆ ಅಲ್ಲಿ ನಡೆಯದು.

ಹಳಿ ಕೂಡಿದ ಮೇಲೆ ಚಾಚಿದ ಕೈಕಾಲಿನ ಅಳತೆಗೆ ಚೌಕಟ್ಟು ಕಟ್ಟಿದ ಖಾಲಿ ರೈಲನ್ನು ಪೂರ್ತಿ ದಾರಿಯಲ್ಲಿ ಮೆಲ್ಲಗೆ ಎಳೆದು, ಎಲ್ಲಾದರೂ ತಾಗುತ್ತದೆಯೇ ಎಂದು ನೋಡುತ್ತಾರೆ. ಅನಂತರ ನೀರು ತುಂಬಿದ ಬೊಂಬೆಗಳು ಸೀಟಿನಲ್ಲಿ ಕೂರುತ್ತವೆ. ಅವು ಎಷ್ಟೋ ಸುತ್ತು ಸುತ್ತಿದ ಮೇಲೆಯೇ ಮನುಷ್ಯರ ಸರದಿ. ಡಬ್ಬಿ ತಲೆಕೆಳಗಾದರೂ ಕಳಚಿ ಬೀಳದಿರಲು ಚಕ್ರಗಳೇ ಮೂರು ಕಡೆ ಇವೆ: ಹಳಿಯ ಮೇಲೆ, ಪಕ್ಕದಲ್ಲಿ, ಅಡಿಯಲ್ಲಿ.

ಒಂದಕ್ಕಿಂತ ಹೆಚ್ಚು ರೈಲು ಓಡುವ ಕೋಸ್ಟರುಗಳಲ್ಲಿ ಹಳಿಯನ್ನು ‘ಬ್ಲಾಕ್’ಗಳಾಗಿ ವಿಂಗಡಿಸಿರುತ್ತಾರೆ. ಒಂದು ಬ್ಲಾಕಿನಲ್ಲಿ ಒಂದೇ ರೈಲು. ಮುಂದಿನದ್ದು ಖಾಲಿಯಾಗದಿದ್ದರೆ ಹಿಂದಿನ ರೈಲನ್ನು ಕಂಪ್ಯೂಟರು ತಾನೇ ತಡೆದು ನಿಲ್ಲಿಸುತ್ತದೆ. ಕೊಂಕಣ ರೈಲಿನಲ್ಲಿ ಓಡಾಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಇನ್ನಂಜೆಯಲ್ಲಿ ಗಾಡಿ ಸುಮ್ಮನೆ ನಿಂತಾಗ ‘ಕ್ರಾಸಿಂಗ್ ಇದೆ’ ಎಂದು ನಿದ್ದೆಗೆ ಜಾರುವ ನಾವು, ಕೋಸ್ಟರ್ ಏರಿನಲ್ಲಿ ನಿಂತರೆ ಮಾತ್ರ ಮೊಬೈಲ್ ಹಿಡಿದು ‘ಕೆಟ್ಟು ನಿಂತಿತು’ ಎಂದು ಸುದ್ದಿ ಹಬ್ಬಿಸುತ್ತೇವೆ. ಅದು ನಿಂತದ್ದು ಬಹುಪಾಲು ಕೆಟ್ಟದ್ದರಿಂದಲ್ಲ, ವ್ಯವಸ್ಥೆ ಸರಿಯಾಗಿ ಕೆಲಸ ಮಾಡಿದ್ದರಿಂದ.

2025ರ ಡಿಸೆಂಬರಿನಲ್ಲಿ ಚೆನ್ನೈ ಹೊರವಲಯದಲ್ಲಿ ತೆರೆದ ವಂಡರ್‌ಲಾದಲ್ಲಿ ‘ತಂಜೋರಾ’ ಎಂಬ ಕೋಸ್ಟರಿದೆ. ಸ್ವಿಟ್ಜರ್ಲೆಂಡಿನ ಬೊಲಿಗರ್ ಆ್ಯಂಡ್ ಮಬಿಲಾರ್ ಕಂಪನಿಯ ವಿನ್ಯಾಸ. ಹಳಿ ತಲೆಯ ಮೇಲೆ, ಸೀಟು ಅದಕ್ಕೆ ಜೋತುಬಿದ್ದಿರುತ್ತದೆ, ಕಾಲಡಿಯಲ್ಲಿ ಬರೀ ಗಾಳಿ. ಚೆನ್ನೈಗೆ ಬಂದದ್ದು ಕರಾವಳಿಗೂ ಬರಲಿ, ಮಲ್ಪೆಯಲ್ಲೋ ಕಾಪುವಿನಲ್ಲೋ ಒಂದು ಕಟ್ಟಲಿ ಎಂದು ಆಸೆಪಡುವವರಿದ್ದಾರೆ. ನನಗೆ ಆ ಆಸೆಯಿಲ್ಲ. ವರ್ಷಕ್ಕೆ 4,000 ಮಿ.ಮೀ. ಆಸುಪಾಸು ಮಳೆ ಸುರಿಯುವ, ಉಪ್ಪುಗಾಳಿ ಕಿಟಕಿ ಸರಳನ್ನೂ ತಿನ್ನುವ ಊರು ಇದು. ಜೂನ್, ಜುಲೈನ ಮೀನುಗಾರಿಕೆ ರಜೆಯಲ್ಲಿ ದಡ ಸೇರಿದ ಬೋಟುಗಳಿಗೆ ತುಕ್ಕು ಕೆರೆದು ಬಣ್ಣ ಬಳಿಯುವ ಕೆಲಸ ಎಷ್ಟೆಂದು ಮಲ್ಪೆ ಬಂದರಿನವರನ್ನು ಕೇಳಬೇಕು. 2022ರ ಮೇ ತಿಂಗಳಲ್ಲಿ ಅದೇ ಮಲ್ಪೆ ಬೀಚಿನಲ್ಲಿ ಸಂಭ್ರಮದಿಂದ ತೆರೆದ ತೇಲುವ ಸೇತುವೆ ಕೆಲವೇ ದಿನಗಳಲ್ಲಿ ಅಲೆಗಳ ಹೊಡೆತಕ್ಕೆ ಬಿಡಿಬಿಡಿಯಾಯಿತು. ಇಲ್ಲಿ ಕಟ್ಟುವ ಖರ್ಚಿಗಿಂತ ಕಾಯುವ ಖರ್ಚು ದೊಡ್ಡದು.

ಹಾಗೆಂದು ನಮ್ಮಲ್ಲಿ ಉಕ್ಕಿನ ಆಟಗಳೇ ಇಲ್ಲವೆಂದಲ್ಲ. ಜನವರಿಯ ಅತ್ತೂರು ಸಾಂತ್‌ಮಾರಿಯಿಂದ ಹಿಡಿದು ಬೇಸಿಗೆಯ ಜಾತ್ರೆಗಳವರೆಗೆ ಜಾಯಿಂಟ್ ವೀಲ್, ಕೊಲಂಬಸ್, ಮಕ್ಕಳ ಡ್ರ್ಯಾಗನ್ ರೈಲು ಊರೂರು ತಿರುಗುತ್ತವೆ. ಅವುಗಳ ಪಾಡು ಬೇರೆ. ರಿಕಾಯ್ಲ್ ಕಾಂಕ್ರೀಟಿಗೆ ಅಂಟಿ ನಿಂತಿದೆ. ಜಾಯಿಂಟ್ ವೀಲನ್ನು ಪ್ರತಿ ಜಾತ್ರೆಗೂ ಲಾರಿಯಿಂದ ಇಳಿಸಿ, ಮರದ ಹಲಗೆಯ ಮೇಲೆ ಮಟ್ಟ ಮಾಡಿ ನಿಲ್ಲಿಸಿ, ಮತ್ತೆ ಬಿಚ್ಚಿ ಕಟ್ಟಬೇಕು. ಬಿಚ್ಚಿ ಕಟ್ಟಿದಷ್ಟೂ ಬೋಲ್ಟು, ಪಿನ್ನು ಸವೆಯುತ್ತವೆ. ಮೋಜಿನ ಯಂತ್ರಗಳ ಸುರಕ್ಷತೆಗೆಂದೇ 15475 ಸಂಖ್ಯೆಯ ಭಾರತೀಯ ಮಾನಕವಿದೆ. ಜಾತ್ರೆಯ ಗದ್ದೆಯಲ್ಲಿ ನಿಂತು ಅದರ ಬಗ್ಗೆ ಕೇಳಿದವರನ್ನು ನಾನು ಕಂಡಿಲ್ಲ.

ಮಣಿಪಾಲದಲ್ಲಿ 1957ರಿಂದ ಎಂಜಿನಿಯರಿಂಗ್ ಕಾಲೇಜು ಇದೆ. ಅಲ್ಲಿನ ವಿದ್ಯಾರ್ಥಿಗಳ ‘ಫಾರ್ಮುಲಾ ಮಣಿಪಾಲ’ ತಂಡ ರೇಸು ಕಾರನ್ನೇ ವಿನ್ಯಾಸ ಮಾಡಿ ಕಟ್ಟುತ್ತದೆ. ಕಡಲತಡಿಯಲ್ಲಿ ಕೋಸ್ಟರಿಗೆ ಜಾಗ ಹುಡುಕುವ ಮೊದಲು, ಅತ್ತೂರಿಗೋ ಕಾಪುವಿಗೋ ಜಾಯಿಂಟ್ ವೀಲ್ ಬಂದ ದಿನ ಅಂಥ ಇಬ್ಬರು ಹುಡುಗ ಹುಡುಗಿಯರನ್ನು ಮೇಷ್ಟ್ರೊಬ್ಬರ ಜೊತೆ ಸ್ಪ್ಯಾನರ್ ಕೊಟ್ಟು ಕಳಿಸಬಹುದು. ಖರ್ಚು ಬಸ್ ಚಾರ್ಜು, ಮಧ್ಯಾಹ್ನದ ಊಟ.