ಜಗ್ಗಿದಷ್ಟೂ ಓಡುವ ಕುದುರೆ

ಮುಂಜಾವಿನ ಸವಾರಿ ಮೈದಾನ. ಅಲ್ಲಿಯವರೆಗೆ ತಲೆ ತಗ್ಗಿಸಿಕೊಂಡು ಹೆಜ್ಜೆ ಹಾಕುತ್ತಿದ್ದ ಕುದುರೆ ಇದ್ದಕ್ಕಿದ್ದಂತೆ ಕಿವಿ ನಿಮಿರಿಸುತ್ತದೆ. ಬೇಲಿಯಾಚೆ ಹಾರಿದ ಪ್ಲಾಸ್ಟಿಕ್ ಚೀಲವೋ, ಲಾಯದ ಕಡೆಯಿಂದ ಕೇಳಿಬಂದ ಜತೆಗಾರನ ಕೆನೆತವೋ, ಕಾರಣ ಸವಾರನಿಗೆ ಹೊಳೆಯುವ ಮೊದಲೇ ಅದು ಓಟ ಕಿತ್ತಿರುತ್ತದೆ. ಅವನು ಎರಡೂ ಕೈಯಲ್ಲಿ ಲಗಾಮು ಹಿಡಿದು ಜಗ್ಗುತ್ತಾನೆ. ಕುದುರೆ ಕತ್ತು ಮುಂದೆ ಚಾಚಿ ಇನ್ನೂ ಜೋರಾಗಿ ಓಡುತ್ತದೆ. ಅವನು ಮತ್ತಷ್ಟು ಜಗ್ಗುತ್ತಾನೆ. ಅದು ಮತ್ತಷ್ಟು ಓಡುತ್ತದೆ. ಕೊನೆಗೆ ಬೀಳಲಿ, ಬೀಳದಿರಲಿ, ಮರುದಿನ ಜೀನಿನ ಪಕ್ಕ ನಿಂತಾಗ ಅವನ ಮೊಣಕಾಲು ನಡುಗುತ್ತದೆ. ಕುದುರೆ ಕಂಡರೆ ಕಾಲುನೋವು ಎಂಬ ಗಾದೆ ಮೈಗಳ್ಳರನ್ನು ಕುರಿತದ್ದು. ಇವನ ಕಾಲುನೋವು ಬೇರೆ; ಅದು ನಿಜವಾದದ್ದು.

ಸವಾರಿ ಕಲಿಯುವವರಲ್ಲಿ ಬಹುಮಂದಿ ಒಮ್ಮೆಯಾದರೂ ಹಾದು ಬರುವ ಘಟ್ಟ ಇದು. ಕುದುರೆಯನ್ನು ಹತೋಟಿಗೆ ತರುವುದೆಂದರೆ ಅದನ್ನು ಬಲದಿಂದ ಹಿಡಿದು ನಿಲ್ಲಿಸುವುದು ಎಂಬ ನಂಬಿಕೆಯೇ ಇದರ ಮೂಲ. ಲೆಕ್ಕ ಹಾಕಿದರೆ ಸಾಕು, ಈ ನಂಬಿಕೆ ಕುಸಿಯುತ್ತದೆ. ಸಾಧಾರಣ ಸವಾರಿ ಕುದುರೆಯ ತೂಕ 450ರಿಂದ 500 ಕಿಲೋ. ಮೇಲೆ ಕುಳಿತವನದು 60 ಅಥವಾ 70. ಇಷ್ಟು ದೊಡ್ಡ ಪ್ರಾಣಿಯನ್ನು ಯಾವ ಪೈಲ್ವಾನನೂ ತೋಳ್ಬಲದಿಂದ ನಿಲ್ಲಿಸಲಾರ.

ಹಾಗಾದರೆ ಕಡಿವಾಣ ಏತಕ್ಕೆ? ಕುದುರೆಯ ದವಡೆಯಲ್ಲಿ ಮುಂದಿನ ಕತ್ತರಿಸುವ ಹಲ್ಲುಗಳಿಗೂ ಹಿಂದಿನ ಅರೆಯುವ ಹಲ್ಲುಗಳಿಗೂ ನಡುವೆ ಖಾಲಿ ಜಾಗವಿದೆ. ಕಡಿವಾಣದ ಕಬ್ಬಿಣ ಕೂರುವುದು ಅಲ್ಲಿ, ನಾಲಿಗೆಯ ಮೇಲೆ ಮತ್ತು ಒಸಡಿನ ಮೇಲೆ. ಆ ಒಸಡಿನ ತೆಳು ಪೊರೆಯ ಅಡಿಯಲ್ಲೇ ಎಲುಬಿದೆ. ಬೆರಳಿನ ಸಣ್ಣ ಅಲುಗಾಟವೂ ಅಲ್ಲಿಗೆ ಮುಟ್ಟುತ್ತದೆ. ಕಡಿವಾಣ ಸುದ್ದಿ ಮುಟ್ಟಿಸುವ ತಂತಿ, ವಾಹನದ ಬ್ರೇಕ್ ಅಲ್ಲ. ಬಿಡದೆ ಎಳೆದು ಹಿಡಿದರೆ ಸುದ್ದಿ ನಿಂತು ನೋವು ಮಾತ್ರ ಉಳಿಯುತ್ತದೆ. ನೋವಾದಾಗ ಓಡಿ ಪಾರಾಗುವುದು ಕುದುರೆಯ ಹುಟ್ಟುಗುಣ. ಬಯಲಿನಲ್ಲಿ ಹುಲ್ಲು ಮೇಯ್ದು, ಬೇಟೆಯ ಪ್ರಾಣಿಗಳಿಂದ ತಪ್ಪಿಸಿಕೊಂಡು ಉಳಿದುಬಂದ ಕುಲ ಅದು. ಅಲ್ಲದೆ ಎಳೆತ ಒಂದೇ ಸಮನಾಗಿದ್ದರೆ ಕುದುರೆ ಅದಕ್ಕೆ ಒರಗಿಕೊಳ್ಳುತ್ತದೆ. ಸವಾರನ ತೋಳುಗಳೇ ಅದಕ್ಕೆ ಊರುಗೋಲಾಗುತ್ತವೆ.

ರೇಸಿನ ಕುದುರೆಗಳ ಮಾತಂತೂ ಇನ್ನೂ ತಮಾಷೆಯದು. ಬೆಂಗಳೂರು, ಮೈಸೂರುಗಳಂಥ ಊರುಗಳಲ್ಲಿ ರೇಸಿನಿಂದ ನಿವೃತ್ತಿಯಾದ ಕುದುರೆಗಳು ಸವಾರಿ ಶಾಲೆಗಳಿಗೆ ಬರುವುದುಂಟು. ರೇಸಿನಲ್ಲಿ ಜಾಕಿ ಲಗಾಮನ್ನು ಗಿಡ್ಡ ಮಾಡಿ ಬಿಗಿ ಹಿಡಿದನೆಂದರೆ ಓಟಕ್ಕೆ ಸಿದ್ಧವಾಗು ಎಂದರ್ಥ. ಅದನ್ನೇ ಕಲಿತ ಕುದುರೆಯ ಮೇಲೆ ಕುಳಿತ ಹೊಸಬ ಹೆದರಿ ಲಗಾಮು ಬಿಗಿದರೆ ಅದು ಪಾಠ ಒಪ್ಪಿಸುತ್ತದೆ. ನಿಲ್ಲು ಎಂದು ಇವನು ಕೂಗುತ್ತಿರುವುದು ಅದಕ್ಕೆ ಓಡು ಎಂದು ಕೇಳಿಸುತ್ತದೆ. ಮೊಂಡು ಎಂಬ ಬಿರುದು ಮಾತ್ರ ಕುದುರೆಗೆ.

ಈ ಸತ್ಯ ಹೊಸದೇನೂ ಅಲ್ಲ. ಕ್ರಿ.ಪೂ. 4ನೆಯ ಶತಮಾನದಲ್ಲಿ ಗ್ರೀಕ್ ಸೇನಾನಿ ಕ್ಸೆನೊಫೋನ್ ಕುದುರೆ ಸವಾರಿಯ ಬಗ್ಗೆ ಒಂದು ಪುಟ್ಟ ಗ್ರಂಥ ಬರೆದ. ಸಾಕ್ರೆಟೀಸನ ಶಿಷ್ಯ, ಪರ್ಷಿಯದ ಒಳನಾಡಿನಲ್ಲಿ ಸಿಕ್ಕಿಬಿದ್ದ ಗ್ರೀಕ್ ಪಡೆಯನ್ನು ಹಿಂದಕ್ಕೆ ಕರೆತಂದ ನಾಯಕರಲ್ಲೊಬ್ಬ. ಆವೇಶದ ಕುದುರೆಗೆಂದೇ ಅವನು ಒಂದು ಅಧ್ಯಾಯ ಮೀಸಲಿಟ್ಟಿದ್ದಾನೆ. ಮನುಷ್ಯನಲ್ಲಿ ಸಿಟ್ಟು ಹೇಗೋ ಕುದುರೆಯಲ್ಲಿ ಆವೇಶ ಹಾಗೆ; ಕೆಣಕದಿದ್ದರೆ ಅದು ಕೆರಳುವುದಿಲ್ಲ ಎಂಬುದು ಅವನ ಮೊದಲ ಮಾತು. ಹತ್ತಿದ ಮೇಲೆ ಬೇರೆ ಕುದುರೆಗಿಂತ ಹೆಚ್ಚು ಹೊತ್ತು ಸುಮ್ಮನೆ ನಿಲ್ಲಿಸಬೇಕು, ನಿಧಾನವಾಗಿ ಹೊರಡಿಸಿ ಅದಕ್ಕೇ ತಿಳಿಯದಂತೆ ವೇಗ ಏರಿಸಬೇಕು, ಒರಟು ಕಡಿವಾಣಕ್ಕಿಂತ ನಯವಾದದ್ದೇ ವಾಸಿ, ಬೇರೆ ಕುದುರೆಗಳ ಜತೆ ಪೈಪೋಟಿಗೆ ಬಿಡಬಾರದು ಎನ್ನುತ್ತಾನೆ. ವೇಗವಾಗಿ ದೂರ ಓಡಿಸಿ ದಣಿಸಿದರೆ ಸೊಕ್ಕು ಇಳಿಯುತ್ತದೆ ಎಂದು ತಿಳಿದವರು ತಪ್ಪು ತಿಳಿದಿದ್ದಾರೆ ಎಂದೂ ಹೇಳುತ್ತಾನೆ. ಇವತ್ತಿಗೂ ಆ ತಪ್ಪು ಮಾಡುವವರು ಕಡಿಮೆಯಿಲ್ಲ.

ಅದೇ ಶತಮಾನದ ಇನ್ನೊಂದು ಪ್ರಸಂಗ ಶಾಲೆಯ ಮಕ್ಕಳಿಗೂ ಗೊತ್ತು. ಥೆಸಲಿಯ ವ್ಯಾಪಾರಿಯೊಬ್ಬ 13 ಟ್ಯಾಲೆಂಟ್ ಬೆಲೆ ಹೇಳಿ ಮ್ಯಾಸಿಡೋನಿಯದ ದೊರೆ ಫಿಲಿಪ್ಪನ ಬಳಿಗೆ ತಂದ ಬ್ಯುಸಿಫಲಸ್ ಯಾರನ್ನೂ ಹತ್ತಗೊಡಲಿಲ್ಲ. ಬಾಲಕ ಅಲೆಕ್ಸಾಂಡರ್ ಅದು ತನ್ನ ನೆರಳಿಗೇ ಬೆದರುವುದನ್ನು ಗಮನಿಸಿ ಸೂರ್ಯನ ಕಡೆಗೆ ಮುಖ ಮಾಡಿಸಿದನೆಂದು ಪ್ಲುಟಾರ್ಕ್ ಬರೆಯುತ್ತಾನೆ. ಕಥೆ ಸಾಮಾನ್ಯವಾಗಿ ಅಲ್ಲಿಗೇ ನಿಲ್ಲುತ್ತದೆ. ಸವಾರರಿಗೆ ಬೇಕಾದದ್ದು ಅದರ ಮುಂದಿನ ಭಾಗ. ಹುಡುಗ ಮೈದಡವಿದ, ಮೆಲ್ಲನೆ ಏರಿದ, ಹೊಡೆಯದೆ, ಬಾಯಿ ಹರಿಯುವಂತೆ ಜಗ್ಗದೆ ಲಗಾಮನ್ನು ಅಳತೆಯಲ್ಲಿ ಹಿಡಿದ. ಅಂಜಿಕೆ ಇಳಿದು ಕುದುರೆ ತಾನೇ ಓಡಬಯಸಿದಾಗ ಓಡಲು ಬಿಟ್ಟ.

ಮುಂದೆ ಯುರೋಪು ಇದನ್ನು ಮರೆಯಿತು. 1550ರಲ್ಲಿ ನೇಪಲ್ಸಿನ ಫೆಡೆರಿಕೊ ಗ್ರಿಸೋನೆ ಪ್ರಕಟಿಸಿದ ಸವಾರಿ ಗ್ರಂಥ ಬಹು ಜನಪ್ರಿಯವಾಯಿತು. ಮೊಂಡು ಕುದುರೆಗೆ ಅದರಲ್ಲಿ ಹೇಳಿರುವ ಚಿಕಿತ್ಸೆಗಳಲ್ಲಿ ಬೆಂಕಿಯೂ ಉಂಟು, ಕೋಲಿಗೆ ಕಟ್ಟಿದ ಬೆಕ್ಕೂ ಉಂಟು! ಫ್ರಾನ್ಸಿನ 13ನೆಯ ಲೂಯಿ ದೊರೆಗೆ ಸವಾರಿ ಕಲಿಸಿದ ಪ್ಲುವಿನೆಲ್ ಈ ಕ್ರೌರ್ಯಕ್ಕೆ ಬೆನ್ನು ತಿರುಗಿಸಿದ. 1733ರಲ್ಲಿ ಅದೇ ದೇಶದ ಲ ಗೆರಿನಿಯೆರ್ ಪ್ರಕಟಿಸಿದ ಗ್ರಂಥದಲ್ಲಿ ಹಿಡಿಯುವುದರ ಜತೆಗೆ ಬಿಡುವುದಕ್ಕೂ ಸಮನಾದ ಸ್ಥಾನ ಸಿಕ್ಕಿತು. ಒಂದು ಕ್ಷಣ ಲಗಾಮು ಬಿಗಿ ಮಾಡಿ, ಕುದುರೆ ಕಿವಿಗೊಟ್ಟ ತಕ್ಷಣ ಸಡಿಲಿಸುವುದು. ಸಡಿಲಿಕೆಯೇ ಬಹುಮಾನ. ಹಾಗೆ ಬಿಟ್ಟಾಗ ಒರಗಿಕೊಳ್ಳಲು ಏನೂ ಸಿಗದೆ ಕುದುರೆ ತನ್ನ ಭಾರವನ್ನು ತಾನೇ ಹೊರಬೇಕಾಗುತ್ತದೆ. ಓಟ ತಾನಾಗಿ ತಗ್ಗುತ್ತದೆ.

ಇದೆಲ್ಲ ಸರಿ, ಕುದುರೆ ಓಡುತ್ತಿರುವಾಗ ಮಾಡುವುದೇನು? ಮೊದಲನೆಯದು ಹೇಳಲು ಸುಲಭ, ಮಾಡಲು ಕಷ್ಟ: ನೆಟ್ಟಗೆ ಕೂರುವುದು. ಹೆದರಿದ ಮನುಷ್ಯ ಮುಂದಕ್ಕೆ ಮುದುಡುತ್ತಾನೆ, ಮೊಣಕಾಲು ಬಿಗಿಯುತ್ತಾನೆ, ಹಿಮ್ಮಡಿಯನ್ನು ಕುದುರೆಯ ಪಕ್ಕೆಗೆ ಒತ್ತುತ್ತಾನೆ. ಸವಾರಿಯ ಭಾಷೆಯಲ್ಲಿ ಇವೆಲ್ಲ ಮುಂದೆ ಹೋಗು ಎಂಬ ಆಜ್ಞೆಗಳೇ. ಬೆನ್ನು ನೇರ ಮಾಡಿ, ಹಿಮ್ಮಡಿ ಕೆಳಗಿಳಿಸಿ, ಉಸಿರನ್ನು ಪೂರ್ತಿ ಹೊರಬಿಡಬೇಕು. ಲಗಾಮನ್ನು ಕುದುರೆಯ ಹೆಜ್ಜೆಯ ಲಯಕ್ಕೆ ಸರಿಯಾಗಿ ಹಿಡಿದು ಬಿಡುತ್ತ, ಹಿಡಿದು ಬಿಡುತ್ತ ಬರಬೇಕು. ಜಾಗವಿದ್ದರೆ ದೊಡ್ಡ ಸುತ್ತಿನಲ್ಲಿ ತಿರುಗಿಸಿ ಸುತ್ತನ್ನು ಮೆಲ್ಲಗೆ ಕಿರಿದು ಮಾಡುತ್ತ ಹೋಗಬೇಕು. ಬಾಗಿದ ದಾರಿಯಲ್ಲಿ ನಾಗಾಲೋಟ ಹೆಚ್ಚು ಹೊತ್ತು ನಡೆಯದು. ಆದರೆ ಪೂರ್ಣ ವೇಗದಲ್ಲಿರುವಾಗ ಒಂದೇ ಕಡೆಯ ಲಗಾಮು ಹಿಡಿದು ಥಟ್ಟನೆ ತಿರುಗಿಸುವುದು ಸಿನಿಮಾದವರಿಗೆ ಬಿಟ್ಟ ಕೆಲಸ. ಕುದುರೆ ಕಾಲು ತಪ್ಪಿದರೆ ಸವಾರ ಅದರ ಅಡಿಗೆ ಬೀಳುತ್ತಾನೆ.

ತಿರುಗಬಲ್ಲ ಕುದುರೆಯನ್ನು ನಿಲ್ಲಿಸಬಹುದು ಎಂಬ ಅರಿವು ನಮ್ಮವರಿಗೂ ಇದ್ದಿರಬೇಕು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಕುದುರೆಯೇರಿ ಚೆಂಡಾಡುವ ವಿನೋದದ ವಿವರಣೆಯಿದೆ. ಹಳೆಯ ಕನ್ನಡ ಕಾವ್ಯಗಳ ವೈಹಾಳಿ, ಎಂದರೆ ಕುದುರೆಗಳನ್ನು ಬಯಲಿಗೆ ಕರೆದೊಯ್ದು ಆಡಿಸುವುದು, ಇದೇ ಪರಂಪರೆಯದು. ಚೆಂಡಿನ ಹಿಂದೆ ಓಡಿ, ನಿಂತು, ಹೊರಳಿ ಮತ್ತೆ ಓಡುವ ಆಟ ನೇರ ಓಟ ಮಾತ್ರ ಬಲ್ಲ ಕುದುರೆಯಿಂದ ಸಾಧ್ಯವಿಲ್ಲ.

ಇನ್ನು ಧೈರ್ಯದ ಪ್ರಶ್ನೆ. ಕುದುರೆಗೆ ಸವಾರನ ಹೆದರಿಕೆ ಗೊತ್ತಾಗುತ್ತದೆ ಎಂಬುದು ಲಾಯದವರ ಹಳೆಯ ಮಾತು. 2009ರಲ್ಲಿ ಪ್ರಕಟವಾದ ಸ್ವೀಡನ್ನಿನ ಒಂದು ಅಧ್ಯಯನ ಇದನ್ನು ಅಳೆದು ನೋಡಿತು. ಸವಾರರು ಒಂದೇ ದಾರಿಯಲ್ಲಿ ನಾಲ್ಕು ಬಾರಿ ಸಾಗಬೇಕು. ನಾಲ್ಕನೆಯ ಸಲ ಪಕ್ಕದಲ್ಲಿ ಕೊಡೆ ಬಿಚ್ಚುತ್ತೇವೆ ಎಂದು ಮೊದಲೇ ಹೇಳಲಾಯಿತು. ಕೊಡೆಯನ್ನು ಬಿಚ್ಚಲೇ ಇಲ್ಲ. ಆದರೂ ಆ ಸಲ ಸವಾರರ ಎದೆಬಡಿತ ಏರಿತು, ಕುದುರೆಗಳದೂ ಏರಿತು. ಕೊಡೆಯ ಸುದ್ದಿ ಕುದುರೆಗೆ ಯಾರೂ ಹೇಳಿರಲಿಲ್ಲ!

ಹೆದರಬೇಡ ಎಂದು ಗದರಿಸಿದರೆ ಹೆದರಿಕೆ ಹೋಗುವುದಿಲ್ಲ. ಬಿದ್ದವನನ್ನು ತಕ್ಷಣ ಅದೇ ಕುದುರೆಗೆ ಹತ್ತಿಸಬೇಕು ಎಂಬ ಉಪದೇಶ ಎಲ್ಲ ಕಡೆ ಕೇಳಿಬರುತ್ತದೆ. ತಲೆಗೆ ಪೆಟ್ಟು ಬಿದ್ದಿರಬಹುದಾದವನ ಮಟ್ಟಿಗೆ ಅದು ಅಪಾಯದ ಮಾತು. ಉಳಿದವರಿಗೂ ಅದು ಯಾವಾಗಲೂ ಹಿತವಲ್ಲ. ವಿಯೆನ್ನಾದ ಸ್ಪ್ಯಾನಿಷ್ ಸವಾರಿ ಶಾಲೆ 16ನೆಯ ಶತಮಾನದಷ್ಟು ಹಳೆಯದು. ಅಲ್ಲಿನ ಪದ್ಧತಿಯಲ್ಲಿ ಹೊಸ ಶಿಷ್ಯನ ಕೈಗೆ ಲಗಾಮು ಕೊಡುವುದೇ ಇಲ್ಲ, ಕಾಲಿಗೆ ರಿಕಾಪೂ ಇಲ್ಲ. ಗುರು ನಡುವೆ ನಿಂತು ಉದ್ದ ಹಗ್ಗದಲ್ಲಿ ಕುದುರೆಯನ್ನು ಸುತ್ತಾಡಿಸುತ್ತಾನೆ. ಶಿಷ್ಯ ಕೂರುವುದನ್ನಷ್ಟೇ ಕಲಿಯುತ್ತಾನೆ. ಇದು ತಿಂಗಳುಗಟ್ಟಲೆ ನಡೆಯುತ್ತದೆ. ಪಳಗಿದ ಹಿರಿಯ ಕುದುರೆಗಳೇ ಅಲ್ಲಿ ಹೊಸಬರಿಗೆ ಉಪಾಧ್ಯಾಯರು. ಧೈರ್ಯ ಕಳೆದುಕೊಂಡ ಸವಾರನಿಗೂ ಇದೇ ಮದ್ದು. ಲಗಾಮಿಗೆ ಜೋತುಬೀಳದೆ ಕೂರಬಲ್ಲೆ ಎಂದು ಮೈಗೆ ಗೊತ್ತಾದ ದಿನ ಕೈ ತಾನಾಗಿ ಹಗುರವಾಗುತ್ತದೆ.

ಅಷ್ಟರಲ್ಲಿ ಕುದುರೆಯ ಕಡೆಯ ಕಾರಣವನ್ನೂ ವಿಚಾರಿಸಬೇಕು. ಕೆಲಸಕ್ಕೆ ಮೀರಿದ ಧಾನ್ಯ ತಿಂದು ಇಡೀ ದಿನ ಲಾಯದಲ್ಲಿ ನಿಂತ ಕುದುರೆ ಹೊರಗೆ ಬಂದೊಡನೆ ಕುಣಿಯುವುದರಲ್ಲಿ ಅಚ್ಚರಿಯಿಲ್ಲ. ಅರೆಯುವ ಹಲ್ಲಿನ ಅಂಚು ಚೂಪಾಗಿ ಕೆನ್ನೆಯ ಒಳಭಾಗ ಕೊರೆಯುತ್ತಿರಬಹುದು. ಜೀನು ಬೆನ್ನು ಒತ್ತುತ್ತಿರಬಹುದು. ಪಶುವೈದ್ಯರು ಒಮ್ಮೆ ಬಾಯಿ ತೆರೆಸಿ ನೋಡಿದ ಮೇಲೆ ಎಷ್ಟೋ ಮೊಂಡು ಕುದುರೆಗಳು ಸಾಧುವಾಗುತ್ತವೆ.

ಹಳೆಯ ಕುದುರೆಗೆ ಮರಳುವಾಗ ಅನುಭವಿ ಶಿಕ್ಷಕರು ಅವಸರ ಮಾಡುವುದಿಲ್ಲ. ಮೊದಲ ಕೆಲವು ದಿನ ಬೇಲಿ ಹಾಕಿದ ಅಂಗಳದಲ್ಲಿ ಬರೀ ನಡಿಗೆ. ಹತ್ತು ಹೆಜ್ಜೆ, ನಿಲುಗಡೆ, ಲಗಾಮು ಸಡಿಲ; ಮತ್ತೆ ಹತ್ತು ಹೆಜ್ಜೆ. ಉಸಿರು ಬಿಟ್ಟು ಬೆನ್ನು ನೇರ ಮಾಡಿದ ಮಾತ್ರಕ್ಕೆ ಕುದುರೆ ನಿಲ್ಲತೊಡಗಿದ ಮೇಲೆ ಕುಕ್ಕುಲೋಟ. ಬಯಲಿಗೆ ಹೋಗುವ ದಿನ ಮುಂದೆ ಒಂದು ಶಾಂತ ಕುದುರೆ ಇರುತ್ತದೆ. ಲಾಯದ ದಿಕ್ಕಿಗೆ ಮುಖ ಮಾಡಿದಾಗ ನಡಿಗೆಯೇ ಹೊರತು ಓಟವಿಲ್ಲ. ಹಿಂದೆ ಕುದುರೆ ಕಿತ್ತುಕೊಂಡು ಓಡಿದ ಜಾಗ ಬಂದಾಗ ಶಿಕ್ಷಕ ಅಲ್ಲೇ ನಿಲ್ಲಿಸಲು ಹೇಳುತ್ತಾನೆ. ಕುದುರೆ ಕತ್ತು ಇಳಿಸಿ ಮೂಗಿನಿಂದ ಉದ್ದ ಉಸಿರು ಬಿಡುವ ತನಕ ಕಾದು, ಸವಾರ ಇಳಿದು ಅದನ್ನು ನಡೆಸಿಕೊಂಡು ಮನೆಗೆ ಬರುತ್ತಾನೆ.